ಕಟ್ಟೆ ತುಂಬುವ ಲೆಕ್ಕಕ್ಕೆ ಜೂಲಿಯಾ: ಒಂದು ಸೆಮಿಸ್ಟರ್ ಬಳಸಿದ ಮೇಲೆ

ನಾನು ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಕಳೆದ ಸೆಮಿಸ್ಟರ್ ಶನಿವಾರದ ಲ್ಯಾಬ್‌ನಲ್ಲಿ ಪೈಥಾನ್ ಜೊತೆಗೆ ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಕಲಿಸಿದೆ. ನಮ್ಮ ಕಡೆ ಇದರ ಹೆಸರು ಕೇಳಿದವರೇ ಕಡಿಮೆ. ಇನ್ನಷ್ಟು ಮೇಷ್ಟ್ರುಗಳು ಇದನ್ನು ಬಳಸಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲ ವಾರ ನಾನು ಶುರು ಮಾಡಿದ ರೀತಿಯೇ ತಪ್ಪಾಯಿತು. ಜೂಲಿಯಾ 2012ರಲ್ಲಿ ಹೊರಬಂತು, 1.0 ಆವೃತ್ತಿ 2018ರಲ್ಲಿ ಬಂತು, ದೊಡ್ಡ ಲೆಕ್ಕಗಳಲ್ಲಿ ಸಿ ಭಾಷೆಯ ಹತ್ತಿರದ ವೇಗ ಇದೆ ಅಂತೆಲ್ಲ ಹೇಳಿದೆ. ಇದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರಾದ ವಿರಲ್ ಶಾ ಆಧಾರ್ ಯೋಜನೆಯಲ್ಲೂ ಕೆಲಸ ಮಾಡಿದವರು ಅಂದಾಗ ಮಾತ್ರ ಒಂದಿಬ್ಬರು ತಲೆ ಎತ್ತಿದರು. ವೇಗದ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರ ಹತ್ತಿರ ದೊಡ್ಡ ಲೆಕ್ಕವೇ ಇರಲಿಲ್ಲ ಅಲ್ವಾ?

ಎರಡನೇ ವಾರ ಪೇಪರ್ ತೆಗೆದುಕೊಂಡು ಹೋದೆ. ಕೆಆರ್‌ಎಸ್ ನೀರಿನ ಮಟ್ಟ ದಿನಾ ಬರುತ್ತದಲ್ಲ, ಆ ಪುಟ್ಟ ಚೌಕ. ಗರಿಷ್ಠ ಮಟ್ಟ 124.80 ಅಡಿ, ಪೂರ್ತಿ ತುಂಬಿದರೆ 49.45 ಟಿಎಂಸಿ. ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ. ಪಾಂಡವಪುರದ ಕಡೆಯ ಒಬ್ಬ ಹುಡುಗ ಕೇಳಿದ: "ಮೇಡಂ, ಕಟ್ಟೆ ತುಂಬೋಕೆ ಇನ್ನೆಷ್ಟು ದಿನ ಬೇಕು ಅಂತ ಇದ್ರಲ್ಲಿ ಗೊತ್ತಾಗುತ್ತಾ?"

ಅವತ್ತಿನಿಂದ ಲ್ಯಾಬ್ ಶುರುವಾಯಿತು ಅನ್ನಬೇಕು.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ, ದಿನವಿಡೀ ಹೊರಹರಿವಿಗಿಂತ ಸುಮಾರು 11,574 ಕ್ಯೂಸೆಕ್ ನೀರು ಹೆಚ್ಚಾಗಿ ಬಂದರೆ ಒಂದು ಟಿಎಂಸಿ ಏರುತ್ತದೆ. ಇಷ್ಟನ್ನು ಬೋರ್ಡ್ ಮೇಲೆ ಮಾಡಿ, ಜೂಲಿಯಾದಲ್ಲಿ ನೇರವಾಗಿ ಕನ್ನಡದಲ್ಲೇ ಬರೆದೆವು: ಒಳಹರಿವು = 25000, ಹೊರಹರಿವು = 5000. ಹೌದು, ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. ಪೈಥಾನ್‌ನಲ್ಲೂ ಆಗುತ್ತದೆ, ಆದರೆ ಅಲ್ಲಿ ನಾನೇ ಯಾವತ್ತೂ ಹಾಗೆ ಕಲಿಸಿರಲಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಮುಖ ಅವತ್ತು ನೋಡಬೇಕಿತ್ತು. ಒಬ್ಬಳು 25,000 ಅಂತ ಅಲ್ಪವಿರಾಮ ಹಾಕಿದಳು. ಅದು 25 ಮತ್ತು 0 ಎಂಬ ಎರಡು ಸಂಖ್ಯೆಗಳಾಯಿತು. ಅಲ್ಪವಿರಾಮದ ಜಾಗದಲ್ಲಿ ಅಡಿಗೆರೆ (_) ಹಾಕಿದರೆ ಸರಿಹೋಗುತ್ತದೆ.

ನಾವು ಬಳಸಿದ್ದು ಪ್ಲೂಟೊ ಎಂಬ ನೋಟ್‌ಬುಕ್, ಅಂದರೆ ಕೋಡ್, ಉತ್ತರ, ಗ್ರಾಫ್ ಎಲ್ಲ ಒಂದೇ ಪುಟದಲ್ಲಿ ಕಾಣುವ ತಂತ್ರಾಂಶ. ಜೂಲಿಯಾ ಹಾಕಿಕೊಂಡ ಮೇಲೆ ಇದನ್ನು ಸೇರಿಸಿಕೊಳ್ಳಬೇಕು. ಬ್ರೌಸರ್‌ನಲ್ಲಿ ತೆರೆಯುತ್ತದೆ, ಎರಡೂ ಉಚಿತ. ನನಗೆ ತುಂಬಾ ಇಷ್ಟವಾದದ್ದು ಇದೇ. ಒಂದು ಕಡೆ ಸಂಖ್ಯೆ ಬದಲಿಸಿದರೆ ಅದನ್ನು ನೆಚ್ಚಿಕೊಂಡ ಎಲ್ಲ ಲೆಕ್ಕವೂ ತಾನಾಗಿ ಬದಲಾಗುತ್ತದೆ. ಒಳಹರಿವಿಗೆ ಎಳೆಯುವ ಒಂದು ಪಟ್ಟಿ (ಸ್ಲೈಡರ್) ಇಟ್ಟೆವು. ಈಗ 40 ಟಿಎಂಸಿ ಇದೆ, ದಿನವಿಡೀ 20,000 ಕ್ಯೂಸೆಕ್ ಉಳಿಯುತ್ತದೆ ಅಂದುಕೊಂಡರೆ ತುಂಬಲು ಸುಮಾರು ಐದೂವರೆ ದಿನ. ಪಟ್ಟಿ ಎಳೆದಂತೆ ಗ್ರಾಫ್ ಏರುತ್ತದೆ, ಇಳಿಯುತ್ತದೆ. ಮಕ್ಕಳು ಸಾಲಾಗಿ ನಿಂತು ಎಳೆದು ನೋಡಿದರು. ಒಂದು ಸಾಲು ಅಳಿಸಿದರೆ ಅದರಲ್ಲಿದ್ದ ಸಂಖ್ಯೆಯೂ ಹೋಗುತ್ತದೆ. ಅಳಿಸಿದ್ದು ಒಳಗೆಲ್ಲೋ ಉಳಿದು ತಪ್ಪು ಉತ್ತರ ಕೊಡುವ ಗೋಳು ಇಲ್ಲ.

ಫಿಸಿಕ್ಸ್‌ನವರಿಗೆ ಇನ್ನೂ ಕೆಲವು ಸುಖಗಳಿವೆ. ಸಾಲಾಗಿ ಇಟ್ಟ ಸಂಖ್ಯೆಗಳ ಎಣಿಕೆ ಒಂದರಿಂದ ಶುರು, ಸೊನ್ನೆಯಿಂದಲ್ಲ. ಮ್ಯಾಟ್ರಿಕ್ಸ್ ಪಾಠ ಮಾಡಿದ ಹಾಗೇ ಬರೆಯಬಹುದು. ಎರಡು ಎಕ್ಸ್ (2x) ಎನ್ನಲು ನಡುವೆ ನಕ್ಷತ್ರ ಚಿಹ್ನೆ ಬೇಡ. ಲ್ಯಾಂಬ್ಡಾ ಬೇಕಾದರೆ ಹಿಂಗೆರೆ (\) ಹಾಕಿ ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಟ್ಯಾಬ್ ಒತ್ತಿದರೆ ಚಿಹ್ನೆಯೇ ಬರುತ್ತದೆ.

ಕಷ್ಟಗಳನ್ನೂ ಹೇಳಬೇಕು. ಮೊದಲ ಸಲ ತೆರೆದಾಗ ಪ್ಯಾಕೇಜ್‌ಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳು) ಇಳಿದು ತಯಾರಾಗಲು ಹೊತ್ತು ಹಿಡಿಯುತ್ತದೆ. ಹೊಸ ಆವೃತ್ತಿಗಳಲ್ಲಿ ಎಷ್ಟೋ ಸುಧಾರಿಸಿದೆ, ಆದರೂ ಹಳೆಯ ಮಷೀನಿನಲ್ಲಿ ಕಾಯಬೇಕು. ಒಂದು ಶನಿವಾರ ಇಡೀ ಲ್ಯಾಬ್ ಇದರಲ್ಲೇ ಹೋಯಿತು. ಇಬ್ಬರು ಹುಡುಗರು ಬೇಸತ್ತು ಮುಂದಿನ ವಾರ ಬರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಹಾಗಾಗಿ ಹಿಂದಿನ ದಿನವೇ ಎಲ್ಲ ಮಷೀನಿನಲ್ಲೂ ನೀವೇ ಒಮ್ಮೆ ಓಡಿಸಿಡಿ. ಡಿಸ್ಕ್ ಜಾಗ ಜಾಸ್ತಿ ಬೇಕು, ಅದನ್ನೂ ನೋಡಿಕೊಳ್ಳಿ. ತಪ್ಪಾದಾಗ ಬರುವ ಸಂದೇಶ ಉದ್ದ ಇರುತ್ತದೆ. ಮೊದಲ ಸಾಲು ಮಾತ್ರ ಓದಲು ಹೇಳಿಕೊಡಿ.

ಕೆಲಸಕ್ಕೆ ಏನು ಉಪಯೋಗ ಅಂತ ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೈಸೂರು, ಬೆಂಗಳೂರಿನ ಸಂದರ್ಶನಗಳಲ್ಲಿ ಪೈಥಾನ್, ಜಾವಾ ಕೇಳುವುದೇ ಹೆಚ್ಚು. ಅದಕ್ಕೇ ನಾನು ಪೈಥಾನ್ ಬಿಡಿಸಿಲ್ಲ. ಯಾರಿಗೂ ಬಿಡಿ ಅಂತ ಹೇಳುವುದೂ ಇಲ್ಲ. ವಿಜ್ಞಾನದ ಲೆಕ್ಕಕ್ಕೆ ಮಾತ್ರ ಜೂಲಿಯಾ ಪಕ್ಕದಲ್ಲಿರಲಿ. ಕನ್ನಡದಲ್ಲಿ ಕಲಿಯುವ ಪಾಠ ಹುಡುಕಿದರೂ ನನಗೆ ಹೆಚ್ಚು ಸಿಗಲಿಲ್ಲ. ನನ್ನ ಕಟ್ಟೆ ಲೆಕ್ಕದ ನೋಟ್‌ಬುಕ್ ಯಾರು ಕೇಳಿದರೂ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುತ್ತೇನೆ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಎಂಬುದು ಆ ಫೈಲಿನೊಳಗೇ ಇರುತ್ತದೆ. ನೆಟ್ ಇದ್ದರೆ ನಿಮ್ಮ ಮಷೀನಿನಲ್ಲೂ ಹಾಗೇ ಓಡುತ್ತದೆ.

ಸೆಮಿಸ್ಟರ್ ಕೊನೆಗೆ ಪಾಂಡವಪುರದ ಹುಡುಗ ಗ್ರಾಫ್‌ನ ಫೋಟೋ ತೆಗೆದು ಮನೆಗೆ ಕಳಿಸಿದ. ಅವರಪ್ಪ ಫೋನ್ ಮಾಡಿ, "ಹಂಗಾದ್ರೆ ನಾಲೆಗೆ ನೀರು ಬತ್ತದೆ ಅನ್ನು, ಒಟ್ಲು ಹಾಕ್ಬೋದಾ?" ಅಂದರಂತೆ. ಒಟ್ಲು ಅಂದರೆ ಭತ್ತದ ಸಸಿ ಮಡಿ. ಹುಡುಗ ಗಾಬರಿಯಾಗಿ ನನ್ನ ಹತ್ತಿರ ಬಂದ. ಮಳೆ ನಿಂತರೆ ಒಳಹರಿವು ಬೀಳುತ್ತದೆ, ನೀರು ಆವಿಯಾಗಿಯೂ ಹೋಗುತ್ತದೆ, ನಾಲೆಗೆ ಯಾವಾಗ ಬಿಡುತ್ತಾರೆ ಅನ್ನುವುದು ನಮ್ಮ ಲೆಕ್ಕದಲ್ಲೇ ಇಲ್ಲ ಅಂತ ಕೂತು ಮಾತಾಡಿದೆವು. ಸಂಜೆ ಅಪ್ಪನಿಗೆ ಅದನ್ನೇ ಹೇಳಿದ. ಸೋಮವಾರ ಬಂದವನೇ, ಆವಿಯಾಗುವ ನೀರಿಗೂ ಒಂದು ಎಳೆಯುವ ಪಟ್ಟಿ ಸೇರಿಸಿ ತೋರಿಸಿದ.