1996ರ ಇಬ್ಬರು ಓರಗೆಯವರು: ಸ್ಕ್ರೀಮ್ ಮತ್ತು ಮಿಷನ್ ಇಂಪಾಸಿಬಲ್

ಬಿಳಿ ಮುಖವಾಡದ ಕೊಲೆಗಾರನ ಭಯದ ಚಿತ್ರಗಳು ಸ್ಕ್ರೀಮ್, ಗೂಢಚಾರರ ಸಾಹಸ ಮಿಷನ್ ಇಂಪಾಸಿಬಲ್. ಎರಡೂ ಸರಣಿ ಶುರುವಾಗಿದ್ದು 1996ರಲ್ಲಿ. ಆಮೇಲೆ 2000, 2011, 2023ರಲ್ಲೂ ಎರಡರಿಂದಲೂ ಒಂದೊಂದು ಚಿತ್ರ ಬಂತು. ಇದು ಗಮನಕ್ಕೆ ಬಂದ ಮೇಲೆ, ವಯಸ್ಸಾದರೂ ಯಾವುದು ಇನ್ನೂ ಹಿಡಿದು ಕೂರಿಸುತ್ತದೆ ಅಂತ ನೋಡದೆ ಸುಮ್ನೆ ಇರಲು ಆಗಲಿಲ್ಲ. ನಾಲ್ಕು ಶನಿವಾರ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋಡಿ ಜೋಡಿಯಾಗಿ ನೋಡಿದೆ. ಅವನಿಗೆ 19 ವರ್ಷ, ಎರಡೂ ಸರಣಿ ಹೊಸದು. ಅವನ ಕೈ ಮೊಬೈಲಿನ ಕಡೆ ಯಾವಾಗ ಹೋಗುತ್ತದೆ ಅನ್ನೋದೇ ನನ್ನ ಅಳತೆ. ಕಥೆಯ ಗುಟ್ಟುಗಳು ಬರುತ್ತವೆ, ಬೇಜಾರು ಮಾಡ್ಕೋಬೇಡಿ.

ಮೊದಲ ಶನಿವಾರ ಕೈ ಅಲ್ಲಾಡಲೇ ಇಲ್ಲ. ಎರಡೂ ಚಿತ್ರ ಒಂದೇ ಥರ ಮೋಸ ಮಾಡುತ್ತವೆ. ಸ್ಕ್ರೀಮ್‌ನ ಪೋಸ್ಟರ್ ತುಂಬ ಡ್ರೂ ಬ್ಯಾರಿಮೋರ್ ಮುಖ. ಅವಳೇ ನಾಯಕಿ ಅಂದುಕೊಂಡರೆ ಮೊದಲ ದೃಶ್ಯದಲ್ಲೇ ಸಾಯುತ್ತಾಳೆ. ಒಲೆಯ ಮೇಲೆ ಪಾಪ್‌ಕಾರ್ನ್ ಪಟಪಟ ಅನ್ನುತ್ತಿರುತ್ತದೆ, ಆ ಕಡೆ ಫೋನಿನಲ್ಲಿ ಒಬ್ಬ ಸಿನಿಮಾ ಕ್ವಿಜ್ ಮಾಡುತ್ತಿರುತ್ತಾನೆ. ಅವಳು ತಪ್ಪು ಉತ್ತರ ಹೇಳುವಷ್ಟರಲ್ಲಿ ಪಾಪ್‌ಕಾರ್ನ್ ಯಾರಿಗೂ ಬೇಡ. "ನಂಬರ್ ಕಾಣಿಸ್ತಾ ಇರ್ಲಿಲ್ವಾ ಮಾಮ?" ಅಂದ ಹುಡುಗ. ಲ್ಯಾಂಡ್‌ಲೈನ್ ಕಾಲದ ಭಯ ವಿವರಿಸಬೇಕಾಯಿತು. ಮಿಷನ್‌ನಲ್ಲೂ ಅಷ್ಟೇ. ತಂಡ ಪರಿಚಯವಾಗಿ ಸ್ವಲ್ಪ ಹೊತ್ತಿಗೇ ಪ್ರಾಗ್ ನಗರದಲ್ಲಿ ಒಬ್ಬೊಬ್ಬರಾಗಿ ಸಾಯುತ್ತಾರೆ. ಈ ಸರಣಿಗೆ ಮೂಲವಾದ ಟಿವಿ ಧಾರಾವಾಹಿಯಲ್ಲಿ ಜನ ಮೆಚ್ಚಿದ್ದ ತಂಡದ ನಾಯಕ ಜಿಮ್ ಫೆಲ್ಪ್ಸ್ ಇಲ್ಲಿ ದ್ರೋಹಿ.

2000 ಇಬ್ಬರಿಗೂ ಕೆಟ್ಟ ವರ್ಷ. ಮಿಷನ್ 2ರಲ್ಲಿ ಯಾರ ಮುಖ ಕಿತ್ತರೂ ಅದು ಮುಖವಾಡ, ಒಳಗೆ ಇನ್ನೊಬ್ಬ. ಸ್ಕ್ರೀಮ್‌ನ ಕಷ್ಟ ಬೇರೆ. ಭಯದ ಚಿತ್ರಗಳಲ್ಲಿ ಬದುಕುಳಿಯುವ ನಿಯಮ ಹೇಳುತ್ತಿದ್ದ ರ್‍ಯಾಂಡಿಯನ್ನು ಎರಡನೇ ಭಾಗದಲ್ಲಿ ಹಾಡಹಗಲೇ ಕೊಂದಿದ್ದರು. ಅದು ಗುಂಡಿಗೆ ಬೇಕಾದ ಕೆಲಸ. ಆದರೆ ಮೂರನೆಯದರಲ್ಲಿ ಅವನು ಸಾಯುವ ಮೊದಲು ಮಾಡಿಟ್ಟ ವಿಡಿಯೊ ಹಾಕಿ ಮತ್ತೆ ನಿಯಮ ಹೇಳಿಸುತ್ತಾರೆ! 2022ರಲ್ಲಿ ಆ ಕೆಲಸ ಅವನ ಸೋದರಸೊಸೆಗೆ ಬಂತು. ಮನೆತನದ ಪೌರೋಹಿತ್ಯ ಆಗಿಹೋಗಿದೆ. ಹುಡುಗನ ಮೊಬೈಲು ಹೊರಬಂದಿದ್ದು ಆ ವಿಡಿಯೊದ ಹೊತ್ತಿಗೆ.

ನನಗೆ ಬೇಕಾದ ಉತ್ತರ ಸಿಕ್ಕಿದ್ದು 2011ರ ಜೋಡಿಯಲ್ಲಿ. 'ನಮಗೆ ವಯಸ್ಸಾಗಿದೆ, ಗೊತ್ತು' ಅಂತ ಎರಡೂ ಒಪ್ಪಿಕೊಳ್ಳುತ್ತವೆ. ಸ್ಕ್ರೀಮ್ 4 ಶುರುವಾಗುವುದೇ ಸಿನಿಮಾದೊಳಗಿನ ಸಿನಿಮಾದಿಂದ, ಅದೂ ಇನ್ನೊಂದು ಸಿನಿಮಾದೊಳಗೆ. ಮೊದಲ ಸಲ ನಗು ಬಂತು. ಎರಡನೇ ಸಲಕ್ಕೆ ಯಾರು ಸತ್ತರೂ ಚಿಂತೆಯಿಲ್ಲ, ಅದೂ ಸುಳ್ಳೇ ಇರಬಹುದಲ್ವಾ? ಆ ವರ್ಷದ ಮಿಷನ್ ಆದ ಘೋಸ್ಟ್ ಪ್ರೊಟೊಕಾಲ್‌ನಲ್ಲಿ ಟಾಮ್ ಕ್ರೂಸ್ ಒಂದು ಹಳೇ ಫೋನ್ ಬೂತಿನಲ್ಲಿ ಆದೇಶ ಪಡೆಯುತ್ತಾನೆ. ಆದೇಶ ಹೇಳಿದ ಫೋನು ಐದು ಸೆಕೆಂಡಿನಲ್ಲಿ ತಾನೇ ಸುಟ್ಟುಹೋಗಬೇಕು. ದೂರ ನಡೆದು ಕಾಯುತ್ತಾನೆ. ಏನೂ ಆಗುವುದಿಲ್ಲ. ವಾಪಸ್ ಬಂದು ಅದಕ್ಕೊಂದು ಏಟು ಕೊಡುತ್ತಾನೆ, ನಮ್ಮ ಅಜ್ಜ ರೇಡಿಯೊಗೆ ತಟ್ಟುತ್ತಿದ್ದ ಹಾಗೆ. ಆಗ ಹೊಗೆ ಬರುತ್ತದೆ.

ತಮಾಷೆ ಅಲ್ಲಿಗೇ ನಿಲ್ಲುವುದಿಲ್ಲ. ದುಬೈನಲ್ಲಿ ಮುಖವಾಡ ಮಾಡುವ ಯಂತ್ರವೂ ಕೈಕೊಡುತ್ತದೆ. ಎರಡನೇ ಭಾಗದಲ್ಲಿ ಸಾಕುಸಾಕು ಅನ್ನಿಸಿದ್ದ ಮುಖವಾಡ ಈಗ ಇಲ್ಲವೇ ಇಲ್ಲ, ಬರಿಗೈಲಿ ಇಬ್ಬರನ್ನು ಏಮಾರಿಸಬೇಕು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಗಾಜಿನ ಮೇಲೆ ಹತ್ತುವಾಗ ಅಂಟಿಕೊಳ್ಳುವ ಗ್ಲೌಸಿನಲ್ಲೂ ಒಂದು ಕೆಡುತ್ತದೆ. ಹಳೇ ಸಾಮಾನು ಕೆಟ್ಟಿದ್ದರಿಂದಲೇ ಹೊಸ ದೃಶ್ಯ ಹುಟ್ಟಿತು. ಯಾರೂ ಭಾಷಣ ಮಾಡಲಿಲ್ಲ. ಸ್ಕ್ರೀಮ್ ತನ್ನ ಹಳೇತನದ ಬಗ್ಗೆ ಮಾತಾಡುತ್ತಲೇ ಇರುತ್ತದೆ, ಜಾಸ್ತಿಯೇ ಮಾತಾಡುತ್ತದೆ.

ಹಾಗಂತ ಮಿಷನ್‌ಗೇ ಗೆಲುವು ಅಂದುಕೊಂಡಿದ್ದೆ. 2023ರ ಜೋಡಿ ತಿರುಗುಮುರುಗು ಮಾಡಿತು. ಡೆಡ್ ರೆಕನಿಂಗ್ ಎರಡೂಮುಕ್ಕಾಲು ಗಂಟೆ, ವಿಲನ್ ಒಂದು ಎಐ. ಅದು ಎಷ್ಟು ಅಪಾಯ ಅಂತ ಎಲ್ಲರೂ ಸರದಿ ಮೇಲೆ ವಿವರಿಸುತ್ತಾರೆ. ಕೊನೆಯಲ್ಲಿ ಸೇತುವೆಯಿಂದ ಒಂದೊಂದೇ ಬೋಗಿ ಬೀಳುವ ರೈಲಿಲ್ಲದಿದ್ದರೆ ನಾನೇ ಮೊಬೈಲ್ ತೆಗೆಯುತ್ತಿದ್ದೆ. ಸ್ಕ್ರೀಮ್ 6ರಲ್ಲೂ ಪುರೋಹಿತೆಯ ನಿಯಮ ಇದ್ದೇ ಇದೆ, ಎಷ್ಟು ಸಲ ಚುಚ್ಚಿದರೂ ಮುಖ್ಯ ಹುಡುಗರು ಬದುಕಿಕೊಳ್ಳುತ್ತಾರೆ. ಆದರೆ ನ್ಯೂಯಾರ್ಕಿನ ಮೆಟ್ರೊ ದೃಶ್ಯ ನೋಡಬೇಕು. ಹ್ಯಾಲೊವೀನ್ ರಾತ್ರಿ, ಬೋಗಿ ತುಂಬ ವೇಷದವರು. ಅದೇ ಬಿಳಿ ಮುಖವಾಡ ಹಾಕಿದವರೇ ನಾಲ್ಕಾರು ಜನ. ಲೈಟು ಹೋಗಿ ಬಂದು ಮಾಡುತ್ತದೆ. ಇವರಲ್ಲಿ ನಿಜವಾದವನು ಯಾರು? 27 ವರ್ಷ ಅಂಗಡಿಯಲ್ಲಿ ಮಾರಿ ಮಾರಿ ಸವೆದ ಮುಖವಾಡ, ಎಲ್ಲರ ಹತ್ತಿರವೂ ಇದೆ ಅನ್ನುವ ಕಾರಣಕ್ಕೇ ಮತ್ತೆ ಹೆದರಿಸಿತು.

ಒಂದೇ ಸಂಜೆ ಇದ್ದರೆ ಘೋಸ್ಟ್ ಪ್ರೊಟೊಕಾಲ್ ನೋಡಿ. ಮೊದಲ ಸ್ಕ್ರೀಮ್‌ನ ಆರಂಭವನ್ನು ಲೈಟ್ ಆರಿಸಿ ಒಬ್ಬರೇ ನೋಡಿ.

ಐದನೇ ಶನಿವಾರ ಲೆಕ್ಕದಲ್ಲಿ ಇರಲಿಲ್ಲ. ಹುಡುಗ ತಾನೇ ಬಂದು ಮಿಷನ್ ಸರಣಿಯ 2025ರ ಫೈನಲ್ ರೆಕನಿಂಗ್ ಹಾಕಿಸಿದ. ಮಧ್ಯದಲ್ಲಿ ಹಿಮದ ನಾಡಿನಲ್ಲಿ ಗಡ್ಡದ ಮುದುಕನೊಬ್ಬ ಸಿಗುತ್ತಾನೆ. ನಾನಿನ್ನೂ ಯೋಚಿಸುತ್ತಿದ್ದೆ, ಇವನು ಎದ್ದು ಕುಳಿತ: "ಮಾಮ, ಇವ್ನು ಅವ್ನೇ! ಮೊದಲನೇದ್ರಲ್ಲಿ ವಾಂತಿ ಮಾಡ್ಕೊಂಡು ಓಡಿದ್ನಲ್ಲ, ಅಲಾಸ್ಕಾಕ್ಕೆ ಕಳಿಸ್ತೀನಿ ಅಂದಿದ್ರಲ್ಲ!"