ಶ್ರವಣ ಸಾಧನವನ್ನು ನೀವೇ ಹೊಂದಿಸಿಕೊಳ್ಳುವ ಮುನ್ನ ನನ್ನ ಎಡಗಿವಿಯ ಕಥೆ ಓದಿ

ಶ್ರವಣತಜ್ಞರ ನೆರವಿಲ್ಲದೆ ಮೊಬೈಲ್ ಆ್ಯಪ್‌ನಿಂದಲೇ ಹೊಂದಿಸಿಕೊಳ್ಳುವ ಶ್ರವಣ ಸಾಧನವನ್ನು ಕೊಂಡು ನಾನು ಮೂರು ತಿಂಗಳು ಪರದಾಡಿದೆ. ಸಾಧನ ಕೆಟ್ಟದ್ದೆಂದು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕೆಟ್ಟದ್ದು ನಾನು ಪರೀಕ್ಷೆ ಮಾಡಿಕೊಂಡ ರೀತಿ.

ನಾಲ್ಕು ಜನ ಸೇರಿ ಮಾತಾಡುವಾಗ ನನಗೆ ‘ಸ’, ‘ಶ’, ‘ತ’ ಅಕ್ಷರಗಳು ಜಾರಿಹೋಗುತ್ತಿದ್ದವು; ಎಡಗಿವಿ ಮಾತ್ರ ಹತ್ತಿ ತುರುಕಿದಂತೆ ಮಂದವಾಗಿತ್ತು. ಆ್ಯಪ್‌ನ ಪರೀಕ್ಷೆ ಸರಳ: ಸಾಧನವನ್ನು ಕಿವಿಗೆ ಹಾಕಿಕೊಂಡು, 500ರಿಂದ 4000 ಹರ್ಟ್ಜ್‌ವರೆಗಿನ (ಅಂಕಿ ಏರಿದಷ್ಟೂ ಸ್ವರ ಕೀರಲು) ಕ್ಷೀಣ ಸ್ವರಗಳಲ್ಲಿ ಒಂದೊಂದು ಕೇಳಿಸಿದಾಗಲೂ ಪರದೆಯನ್ನು ಮುಟ್ಟಬೇಕು. ನಾನು ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗಲೇ ಕುಳಿತೆ. ಫ್ಯಾನಿನ ಗುಂಯ್‌ಗುಡುವಿಕೆ ಕೆಳಸ್ವರಗಳನ್ನು, ಅಂದರೆ ಕಡಿಮೆ ಹರ್ಟ್ಜ್‌ನ ದಪ್ಪ ಸ್ವರಗಳನ್ನು, ನುಂಗಿಹಾಕಿತು, ಎಡಗಿವಿಯ ಗುಗ್ಗೆ ಉಳಿದದ್ದನ್ನು ತಡೆಯಿತು. ಸ್ವರ ಕೇಳಿಸದಿರುವುದಕ್ಕೆ ಕಾರಣ ಒಳಕಿವಿಯೋ, ಗುಗ್ಗೆಯೋ, ಕೋಣೆಯ ಸದ್ದೋ ಎಂಬುದನ್ನು ಆ್ಯಪ್ ಹೇಗೆ ತಿಳಿದೀತು? ಅದು ಎಲ್ಲವನ್ನೂ ನನ್ನ ಕಿವುಡುತನದ ಲೆಕ್ಕಕ್ಕೆ ಬರೆದು, ಬೇಕಿಲ್ಲದ ಕೆಳಸ್ವರಗಳನ್ನೂ ಏರಿಸಿಬಿಟ್ಟಿತು.

ಅದಾದ ಮೇಲೆ ನನ್ನ ಧ್ವನಿ ನನಗೇ ಗಡಿಗೆಯೊಳಗೆ ತಲೆಯಿಟ್ಟು ಮಾತಾಡಿದಂತೆ ಕೇಳತೊಡಗಿತು. ಕಿವಿಯನ್ನು ಪೂರ್ತಿ ಮುಚ್ಚುವ ಸಿಲಿಕೋನ್ ತುದಿಯನ್ನು ಆರಿಸಿಕೊಂಡದ್ದೂ ಇದಕ್ಕೆ ಕಾರಣವೆಂದು ಆಗ ಗೊತ್ತಿರಲಿಲ್ಲ. ಮೇಲಿನ ಸ್ವರಗಳಷ್ಟೇ ಕುಂದಿರುವವರಿಗೆ ಗಾಳಿಯಾಡುವ, ತೂತುಗಳಿರುವ ತುದಿಯೇ ಸಾಮಾನ್ಯವಾಗಿ ಹಿತ. ಹೊಸ ಸದ್ದಿಗೆ ಮಿದುಳು ಒಗ್ಗಲು ಕೆಲವು ವಾರ ಹಿಡಿಯುತ್ತದೆ ಎಂದು ಕೈಪಿಡಿಯಲ್ಲಿತ್ತು. ಮಾತು ನಿಜವೇ, ಆದರೆ ಆ ನಿಜವನ್ನೇ ನೆಪ ಮಾಡಿಕೊಂಡು ನಾನು ಕಾಯುತ್ತಾ ಕುಳಿತೆ. ಶಾಂತವಾದ ಕೋಣೆಯಲ್ಲಿ ಟಿವಿ ಸ್ಪಷ್ಟವಾಗಿ ಕೇಳಿದ್ದನ್ನೇ ಯಶಸ್ಸೆಂದು ಎಣಿಸಿದೆ. ಗದ್ದಲದ ನಡುವೆ ಮನೆಯವರು ಬೆನ್ನ ಹಿಂದಿನಿಂದ ಹೇಳಿದ ವಾಕ್ಯಗಳನ್ನು ತಿರುಗಿ ಹೇಳಿ ನೋಡುವ ಯೋಚನೆಯೇ ಬರಲಿಲ್ಲ.

ಕೊನೆಗೆ ಕಿವಿ ವೈದ್ಯರು ಎಡಗಿವಿಯಿಂದ ಕಡಲೆಕಾಳಿನ ಗಾತ್ರದ ಗುಗ್ಗೆಯನ್ನು ತೆಗೆದರು. ಶಬ್ದನಿರೋಧಕ ಕೋಣೆಯಲ್ಲಿ ಮಾಡಿದ ಪರೀಕ್ಷೆಯಲ್ಲಿ ಎರಡೂ ಕಿವಿಗಳು ಹೆಚ್ಚುಕಡಿಮೆ ಒಂದೇ ಎಂದು ಕಂಡಿತು: ಕೆಳಸ್ವರಗಳಲ್ಲಿ ತೊಂದರೆಯೇ ಇಲ್ಲ, 2000 ಹರ್ಟ್ಜ್ ದಾಟಿದ ಮೇಲಷ್ಟೇ 35 ಡೆಸಿಬಲ್ ಆಸುಪಾಸಿನ ಕೊರತೆ.

ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ 18 ವರ್ಷ ತುಂಬಿದವರು ವೈದ್ಯರ ಚೀಟಿಯಿಲ್ಲದೆ ಇಂಥ ಸಾಧನ ಕೊಳ್ಳಬಹುದು. ಅಲ್ಲಿನ ನಿಯಮದಂತೆ ಪೆಟ್ಟಿಗೆಯ ಮೇಲೆ ಇರಬೇಕಾದ ಎಚ್ಚರಿಕೆಯಲ್ಲಿ ಒಂದು ಕಿವಿ ಇನ್ನೊಂದಕ್ಕಿಂತ ಮಂದವಾಗಿದ್ದರೆ, ಕಿವಿ ಸೋರಿದರೆ, ನೋವು ಅಥವಾ ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ಕಾಣಬೇಕೆಂದಿದೆ. ಮೊದಲನೆಯದು ನನಗೇ ಬರೆದಂತಿತ್ತು. ಶ್ರವಣ ಹಠಾತ್ತನೆ ಕುಗ್ಗಿದರಂತೂ ಸಾಧನದ ಮಾತೇ ಬೇಡ, ಅದಕ್ಕೆ ದಿನಗಳೊಳಗೆ ಚಿಕಿತ್ಸೆ ಶುರುವಾಗಬೇಕು.

ಗುಗ್ಗೆ ತೆಗೆಸಿ, ಫ್ಯಾನ್ ಆರಿಸಿ, ತುದಿ ಬದಲಿಸಿ ಮತ್ತೆ ಪರೀಕ್ಷಿಸಿಕೊಂಡಾಗ ಅದೇ ಸಾಧನ ಒಪ್ಪುವಂತೆ ಕೇಳಿಸಿತು. ನನಗೊಪ್ಪುವ ಇನ್ನೊಂದು ಮಾದರಿಯನ್ನು ಪಕ್ಕಕ್ಕಿಟ್ಟು ಹೋಲಿಸೋಣವೆಂದರೆ, ‘ಒಗ್ಗಲಿ’ ಎಂದು ಕಾಯುತ್ತಿದ್ದ ಆ ವಾರಗಳಲ್ಲೇ ಹಿಂದಿರುಗಿಸುವ ಗಡುವು ಮುಗಿದುಹೋಗಿತ್ತು.