ವೇಟ್ ಕಫ್, ಬ್ಯಾಂಡ್ ಸೆಟ್: ಹಿಪ್ ರಿಪ್ಲೇಸ್‌ಮೆಂಟ್ ಆದಮೇಲೆ ಹದಿನಾಲ್ಕು ತಿಂಗಳ ಬಳಕೆ

ಬಳಸಿದ್ದು: ಚಪ್ಪಟೆ ಲ್ಯಾಟೆಕ್ಸ್ ಬ್ಯಾಂಡ್ ಮೂರು (ಹಳದಿ, ಕೆಂಪು, ಹಸಿರು), ಮಂಡಿ ಮೇಲೆ ಹಾಕುವ ಲೂಪ್ ಒಂದು, ಅರ್ಧ ಕೆಜಿ ಮತ್ತು ಒಂದು ಕೆಜಿ ವೇಟ್ ಕಫ್ (ಕಾಲಿಗೆ ಸುತ್ತಿ ಕಟ್ಟುವ ಭಾರದ ಪಟ್ಟಿ) ಒಂದೊಂದು ಜೋಡಿ. ಸರ್ಜನ್ ಒಪ್ಪಿಗೆ ಕೊಟ್ಟ ಏಳನೇ ವಾರದಿಂದ ಶುರು, ವಾರಕ್ಕೆ ಮೂರು ದಿನ. ಬೆಂಗಳೂರಿನ ಎರಡನೇ ಮಹಡಿ ಮನೆ, ಲಿಫ್ಟ್ ಇಲ್ಲ.

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ಯಾಂಡ್‌ಗೆ ಐದಕ್ಕೆ ನಾಲ್ಕೂವರೆ, ಕಫ್‌ಗೆ ಎರಡೂವರೆ. ಸರ್ಜಿಕಲ್ ಅಂಗಡಿಯಲ್ಲಿ ಹೆಚ್ಚಾಗಿ ಮೊದಲು ಕೈಗೆ ಕೊಡುವುದು ಕಫ್ಫನ್ನೇ. ಸೊಂಟದ ಕೀಲಿನ ಮಟ್ಟಿಗೆ ಅದು ಕೊನೆಗೆ ಬರಬೇಕಾದ ಸಾಮಾನು.

ಆಪರೇಷನ್‌ನಲ್ಲಿ ಬದಲಾಗುವುದು ಸೊಂಟದ ಕೀಲಿನ ಗುಂಡು ಮತ್ತು ಅದು ಕೂರುವ ಬಟ್ಟಲು. ಸವೆದ ಕೀಲಿನ ನೋವಿಗೆ ಹೆದರಿ ವರ್ಷಗಟ್ಟಲೆ ಕುಂಟಿದ್ದರಿಂದ ಸೊರಗಿದ ಸ್ನಾಯು ಹಾಗೇ ಉಳಿದಿರುತ್ತದೆ. ಅದರಲ್ಲೂ ಪಿರ್ರೆಯ ಪಕ್ಕದ ಗ್ಲೂಟಿಯಸ್ ಮೀಡಿಯಸ್. ನಡೆಯುವಾಗ ಒಂದು ಕಾಲು ನೆಲ ಬಿಟ್ಟ ಕ್ಷಣ ಸೊಂಟ ಆ ಕಡೆಗೆ ಜೋತುಬೀಳದಂತೆ ಹಿಡಿಯುವುದು, ನೆಲದ ಮೇಲಿರುವ ಕಾಲಿನ ಈ ಸ್ನಾಯು. ಇದು ಸೋತರೆ ಸೊಂಟ ವಾಲುತ್ತದೆ. ಜರ್ಮನ್ ಸರ್ಜನ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಲಕ್ಷಣ ಇದೇ. ಪರೀಕ್ಷೆ ಸುಲಭ. ಬೀರು ಕನ್ನಡಿಯ ಮುಂದೆ, ಪಕ್ಕದಲ್ಲಿ ಆಸರೆ ಇಟ್ಟುಕೊಂಡು, ಸೊಂಟದ ಎರಡೂ ಮೂಳೆ ಮೇಲೆ ಹೆಬ್ಬೆರಳಿಟ್ಟು ಆಪರೇಷನ್ ಕಾಲಿನ ಮೇಲೆ ನಿಲ್ಲಿ. ಇನ್ನೊಂದು ಕಡೆಯ ಹೆಬ್ಬೆರಳು ಕೆಳಗಿಳಿದರೆ ಕೆಲಸ ಬಾಕಿ ಇದೆ ಎಂದರ್ಥ. ಸ್ಟಿಕ್ ಅನ್ನು ಎದುರು ಕೈಯಲ್ಲಿ ಹಿಡಿಯಿರಿ ಅನ್ನುವುದೂ ಈ ಸ್ನಾಯುವಿನ ಹೊರೆ ಇಳಿಸಲಿಕ್ಕೇ. ಕುಂಟು ಪೂರ್ತಿ ಹೋಗುವ ಮೊದಲೇ ಸ್ಟಿಕ್ ಬಿಸಾಡುವುದು ಶೌರ್ಯವೇನಲ್ಲ.

ಈಗ ಬ್ಯಾಂಡ್. ಬಣ್ಣ ನೋಡಿ ಕೊಳ್ಳುವವರು ಒಂದು ವಿಷಯ ಗಮನಿಸಿ: ಬಣ್ಣದ ಕ್ರಮ ಎಲ್ಲ ಕಂಪನಿಗೂ ಒಂದೇ ಅಲ್ಲ. ಫಿಸಿಯೋಗಳ ಬಾಯಲ್ಲಿರುವ ಥೆರಾಬ್ಯಾಂಡ್ ಕಂಪನಿಯ ಲೆಕ್ಕದಲ್ಲಿ, ಬ್ಯಾಂಡ್ ತನ್ನ ಉದ್ದದ ಎರಡರಷ್ಟು ಎಳೆದಾಗ ಹಳದಿ ಸುಮಾರು 1.3 ಕೆಜಿ, ಕೆಂಪು 1.7, ಹಸಿರು 2.1, ನೀಲಿ 2.6 ಕೆಜಿಯಷ್ಟು ಜಗ್ಗುತ್ತದೆ. ಬಣ್ಣದಿಂದ ಬಣ್ಣಕ್ಕೆ ಏರಿಕೆ ಅರ್ಧ ಕೆಜಿಯ ಆಸುಪಾಸು. ಹೊಸ ಕೀಲಿಗೆ ಬೇಕಾದ್ದು ಇಂಥ ಸಣ್ಣ ಮೆಟ್ಟಿಲು.

ಆದರೆ ಬಣ್ಣಕ್ಕಿಂತ ಹೆಚ್ಚು ಆಟ ಆಡಿಸುವುದು ಉದ್ದ. ನಿಂತು ಕಾಲನ್ನು ಪಕ್ಕಕ್ಕೆ 30 ಡಿಗ್ರಿ ಸರಿಸಿದರೆ ಪಾದದ ಗಂಟು ಸುಮಾರು 40 ಸೆಂ.ಮೀ. ಚಲಿಸುತ್ತದೆ. ಮಂಚದ ಕಾಲಿಂದ ಪಾದದ ತನಕ ಬಿಟ್ಟಿರುವ ಬ್ಯಾಂಡ್ 40 ಸೆಂ.ಮೀ. ಇದ್ದರೆ ಅದು ಎರಡರಷ್ಟಾಗುತ್ತದೆ, 80 ಸೆಂ.ಮೀ. ಇದ್ದರೆ ಒಂದೂವರೆಯಷ್ಟು ಮಾತ್ರ. ಬ್ಯಾಂಡ್ ಅದೇ, ಕಾಲೂ ಅದೇ, ಭಾರ ಬೇರೆ. ನಿನ್ನೆ ಸಲೀಸಾಗಿದ್ದದ್ದು ಇವತ್ತು ಯಾಕೆ ಕಷ್ಟ ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಬಹಳಷ್ಟು ಮಂದಿ ಬ್ಯಾಂಡಿನ ಗಂಟನ್ನು ಬೇರೆ ಜಾಗದಲ್ಲಿ ಹಾಕಿರುತ್ತಾರೆ. ಬಾಲ್‌ಪೆನ್ನಿನಲ್ಲಿ ಗುರುತು ಮಾಡಿ, ಪ್ರತಿ ಸಲವೂ ಅಲ್ಲೇ ಕಟ್ಟಿ. ನಿಲ್ಲುವ ಜಾಗಕ್ಕೂ ನೆಲದ ಮೇಲೆ ಟೇಪ್ ತುಂಡು ಅಂಟಿಸಿ.

ಕಟ್ಟುವುದು ತೇಗದ ಮಂಚ ಅಥವಾ ದಿವಾನದಂಥ ಅಲುಗಾಡದ ಸಾಮಾನಿಗೆ, ನೆಲದಿಂದ ಹತ್ತು ಸೆಂ.ಮೀ. ಎತ್ತರದಲ್ಲಿ. ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿದರೆ ಕುರ್ಚಿಯೇ ಹಿಂದೆ ಬರುತ್ತದೆ. ಗ್ಯಾಸ್ ಸಿಲಿಂಡರ್‌ಗೆ ಕಟ್ಟುವ ಯೋಚನೆಯಂತೂ ಬೇಡವೇ ಬೇಡ. ಕೈಗೆ ಆಸರೆ ಬೇಕೇ ಬೇಕು. ಬ್ಯಾಂಡ್ ಕಟ್ಟದೆ ಮಾಡುವ ದಿನಗಳಲ್ಲಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯಷ್ಟು ಒಳ್ಳೆಯ ಆಸರೆ ಯಾವ ಜಿಮ್ಮಿನಲ್ಲೂ ಇಲ್ಲ.

ಕ್ರಮ ಹೀಗೆ. ಪಾದದ ಬೆರಳು ನೇರ ಮುಂದಕ್ಕೆ, ಮಂಡಿ ಸಡಿಲ, ಎರಡು ಎಣಿಸುವಷ್ಟರಲ್ಲಿ ಹೊರಕ್ಕೆ, ಮೂರು ಎಣಿಸುತ್ತ ಒಳಕ್ಕೆ. ಕಾಲು ಮೈಯ ನಡುಗೆರೆ ದಾಟಬಾರದು. ಮೊದಲು 10 ಸಲದ ಎರಡು ಸುತ್ತು, ನಡುವೆ ಒಂದೂವರೆ ನಿಮಿಷ ಬಿಡುವು. ಸುತ್ತು ಮುಗಿದಾಗ ಇನ್ನೂ ಎರಡು-ಮೂರು ಸಲ ಆಗುತ್ತಿತ್ತು ಅನ್ನಿಸಿದರೆ ಭಾರ ಸರಿಯಾಗಿದೆ. 15 ಸಲದ ಮೂರು ಸುತ್ತು ಸತತ ಎರಡು ವ್ಯಾಯಾಮದ ದಿನ ಸರಾಗವಾಗಿ ಆದರೆ ಮುಂದಿನ ಬಣ್ಣ, ಮತ್ತೆ ಹತ್ತರಿಂದ. ಇಲ್ಲಿ ಆಗುವ ದೊಡ್ಡ ಕಳ್ಳಾಟ ಎಂದರೆ ಮೈಯನ್ನು ಎದುರು ಪಕ್ಕಕ್ಕೆ ವಾಲಿಸಿ ಕಾಲು ಎತ್ತಿದಂತೆ ಕಾಣಿಸುವುದು. ಆಗ ದುಡಿಯುವುದು ನಡು, ಪಿರ್ರೆಯಲ್ಲ.

ಬ್ಯಾಂಡನ್ನು ಒಳ್ಳೆ ಕಾಲಿಗೂ ಕಟ್ಟಿ, ಆಪರೇಷನ್ ಕಾಲಿನ ಮೇಲೆ ನಿಂತು ಮಾಡಿ. ಪುಸ್ತಕದ ಚಿತ್ರದಲ್ಲಿ ಇದು ಒಳ್ಳೆ ಕಾಲಿನ ವ್ಯಾಯಾಮದಂತೆ ಕಾಣುತ್ತದೆ, ನಿಜವಾಗಿ ಬೆವರುವುದು ನಿಂತ ಕಾಲು. ನಡಿಗೆಗೆ ಬೇಕಾದ ಬಲ ಇಲ್ಲೇ ಸಿಗುತ್ತದೆ. ಪೂರ್ತಿ ಭಾರ ಹಾಕಲು ಅನುಮತಿ ಸಿಕ್ಕಮೇಲೆ ಮಾತ್ರ.

ಕಫ್ ಯಾಕೆ ಹಿಂದೆ ಬಿತ್ತು? 65 ಕೆಜಿ ತೂಗುವವರ ಒಂದು ಕಾಲೇ ಹತ್ತು ಕೆಜಿಯಷ್ಟಿರುತ್ತದೆ. ಮಲಗಿ ಕಾಲನ್ನು ನೇರ ಎತ್ತಿದರೆ ಆ ಭಾರದ ಕೇಂದ್ರ ಸೊಂಟದಿಂದ ಒಂದಡಿಗಿಂತ ಸ್ವಲ್ಪ ದೂರ. ಪಾದದ ಗಂಟಿಗೆ ಕಟ್ಟಿದ ಒಂದು ಕೆಜಿ ಅದರ ಎರಡರಷ್ಟು ದೂರದಲ್ಲಿ ನೇತಾಡುತ್ತದೆ. ಲೆಕ್ಕ ಹಾಕಿದರೆ ಕೀಲಿನ ಮೇಲೆ ಬೀಳುವ ತಿರುಚು ಬಲ ಸುಮಾರು ಐದನೇ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ. ತೊಡೆಸಂದಿನಲ್ಲಿ ಚುಚ್ಚು ನೋವು ಶುರುವಾಗಲು ಅಷ್ಟು ಸಾಕು. ಕಾಲನ್ನು ಮುಂದಕ್ಕೆ ಎತ್ತುವ ಇಲಿಯೋಪ್ಸೋಸ್ ಸ್ನಾಯುವಿನ ತಂತು ಹೊಸ ಬಟ್ಟಲಿನ ಅಂಚಿನ ಮುಂದೆಯೇ ಹಾದುಹೋಗುತ್ತದೆ. ಅದಕ್ಕೇ ಕಫ್ ಕಟ್ಟಿ ನೇರ ಕಾಲು ಎತ್ತುವುದನ್ನು ಪಟ್ಟಿಯಿಂದಲೇ ತೆಗೆಯಬಹುದು. ಪಕ್ಕಕ್ಕೆ ಮಲಗಿ ಎತ್ತಲೇಬೇಕಾದರೆ ಕಫ್ಫನ್ನು ಮಂಡಿಯ ಮೇಲೆ ಕಟ್ಟಿ, ದೂರ ಅರ್ಧವಾದರೆ ಅದರ ಹೊರೆಯೂ ಅರ್ಧ. ಕುರ್ಚಿಯಲ್ಲಿ ಕುಳಿತು ಮಂಡಿ ನೇರ ಮಾಡುವ ವ್ಯಾಯಾಮಕ್ಕೆ ಮಾತ್ರ ಕಫ್ ಚೆನ್ನಾಗಿ ಒದಗುತ್ತದೆ.

ಕೊಳ್ಳುವಾಗಿನ ಮೋಸವೊಂದಿದೆ. ‘ಒಂದು ಕೆಜಿ ಜೋಡಿ’ ಅಂದರೆ ಕೆಲವರಿಗೆ ಎರಡೂ ಸೇರಿ ಒಂದು ಕೆಜಿ, ಕೆಲವರಿಗೆ ಒಂದೊಂದೂ ಒಂದು ಕೆಜಿ. ಅಡುಗೆಮನೆ ತಕ್ಕಡಿಗೆ ಹಾಕಿ ನೋಡಿ. ಭಾರದ ಸಣ್ಣ ಸಣ್ಣ ಕಡ್ಡಿ ತೆಗೆದು-ಹಾಕುವ ಜೇಬಿನ ಕಫ್ ಸಿಕ್ಕರೆ ಅದೇ ಮೇಲು.

ಬಾಳಿಕೆ: ಕಫ್‌ನಲ್ಲಿ ಮೊದಲು ಸೋಲುವುದು ವೆಲ್ಕ್ರೋ. ಕಾಲ್ಚೀಲದ ನೂಲು, ಕೂದಲು ಸಿಕ್ಕಿಕೊಂಡು ಹಿಡಿತ ಬಿಡುತ್ತದೆ. ಹಳೆ ಟೂತ್‌ಬ್ರಷ್‌ನಿಂದ ತಿಂಗಳಿಗೊಮ್ಮೆ ತಿಕ್ಕಿದರೆ ಮತ್ತೆ ಹಿಡಿಯುತ್ತದೆ. ಎಂಟನೇ ತಿಂಗಳಿಗೆ ಒಂದು ಕಫ್‌ನ ಹೊಲಿಗೆ ಬಿಟ್ಟು ಕಬ್ಬಿಣದ ಪುಡಿ ಟೈಲ್ಸ್ ಮೇಲೆ ಉದುರಿತು, ಒರೆಸಿದಷ್ಟೂ ತುಕ್ಕು ಬಣ್ಣ. ಮೊದಲ ತಿಂಗಳುಗಳಲ್ಲಿ ಕಾಲು ಊದಿರುವುದು ಸಾಮಾನ್ಯ, ಬಿಗಿಯಾಗಿ ಕಟ್ಟಬೇಡಿ. ಲ್ಯಾಟೆಕ್ಸ್‌ಗೆ ಬಿಸಿಲು ಮತ್ತು ಎಣ್ಣೆ ಎರಡೂ ಆಗದು. ಕೊಬ್ಬರಿಎಣ್ಣೆ ಹಚ್ಚಿದ ಕಾಲಿಗೆ ಕಟ್ಟಿ, ಆಮೇಲೆ ತಾರಸಿ ತಂತಿಗೆ ಒಣಹಾಕಿದರೆ ಮುಗಿಯಿತು. ಕೆಂಪು ಬ್ಯಾಂಡ್ ಹತ್ತು ತಿಂಗಳು ಬಂತು. ವಾರಕ್ಕೊಮ್ಮೆ ಕಿಟಕಿ ಬೆಳಕಿಗೆ ಹಿಡಿದು ಎಳೆದು ನೋಡಿ, ಗಂಟು ಬೀಳುವ ಜಾಗದಲ್ಲಿ ಬಿಳಿ ಗೆರೆಯೋ ಸೂಜಿ ತೂತೋ ಕಂಡರೆ ಕತ್ತರಿಸಿ ಎಸೆಯಿರಿ. ಕಾಲೆತ್ತಿದಾಗ ಬ್ಯಾಂಡ್ ತುಂಡಾದರೆ ನೀವು ಬೀಳುವುದು ಹೊಸ ಸೊಂಟದ ಮೇಲೆ. ಲ್ಯಾಟೆಕ್ಸ್ ಅಲರ್ಜಿ ಇದ್ದವರು ಬೇರೆ ರಬ್ಬರಿನದು ಕೇಳಿ.

ದುಡ್ಡಿಲ್ಲದ ಸಾಮಾನು ಎರಡು. ಒಂದು ಕುರ್ಚಿ, ಗೋಡೆಗೆ ಒತ್ತಿ. ಮೊದಲು ಮೇಲೆ ಗಟ್ಟಿ ದಿಂಬು, ಆಮೇಲೆ ತೆಗೆದು, ಕೈ ಊರದೆ ಎದ್ದು ಕೂರುವುದು. 43 ಸೆಂ.ಮೀ. ಎತ್ತರದ ಕುರ್ಚಿಯಲ್ಲಿ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ತಿಂಗಳಿಗೊಮ್ಮೆ ಬರೆದಿಡಿ, ಪ್ರಗತಿ ಅಳೆಯಲು ಫಿಸಿಯೋಗಳೂ ಬಳಸುವ ಪರೀಕ್ಷೆ ಅದು. ಇನ್ನೊಂದು ಮೆಟ್ಟಿಲು. ಆರಂಭದಲ್ಲಿ ಹತ್ತುವಾಗ ಒಳ್ಳೆ ಕಾಲು, ಇಳಿಯುವಾಗ ಆಪರೇಷನ್ ಕಾಲು ಮುಂದೆ. ಬಲ ಬಂದಮೇಲೆ ಕಂಬಿ ಹಿಡಿದು ಉಲ್ಟಾ ಮಾಡುವುದೇ ವ್ಯಾಯಾಮ. ಮನೆ ಮೆಟ್ಟಿಲು ಎತ್ತರವೆನಿಸಿದರೆ ಊಟದ ಮಣೆ ಸಾಕು, ಅಡಿಗೆ ರಬ್ಬರ್ ಮ್ಯಾಟ್ ಹಾಕದಿದ್ದರೆ ಟೈಲ್ಸ್ ಮೇಲೆ ಜಾರುತ್ತದೆ.

ಪಾರ್ಕ್‌ನ ಓಪನ್ ಜಿಮ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಭಾರ ಹೊಂದಿಸಲು ಅದರಲ್ಲಿ ದಾರಿಯಿಲ್ಲ. ಕಾಲನ್ನು ಹಿಂದೆ-ಮುಂದೆ ತೂಗುವ ಯಂತ್ರ ಎಷ್ಟು ದೂರ ಬೇಕಾದರೂ ಬೀಸುತ್ತದೆ, ತಡೆಯೇ ಇಲ್ಲ. ಸೊಂಟದ ಮುಂಭಾಗದಿಂದ ಕೊಯ್ದು ಆಪರೇಷನ್ ಆದವರಿಗೆ ಕಾಲು ಹಿಂದಕ್ಕೆ ಅತಿಯಾಗಿ ಹೋಗುವುದೇ ಅಪಾಯ. ಹಿಂಭಾಗದಿಂದ ಆದವರಿಗೆ 90 ಡಿಗ್ರಿ ಮೀರಿ ಬಗ್ಗುವುದು, ಕಾಲ ಮೇಲೆ ಕಾಲು ಹಾಕುವುದು, ಒಳಕ್ಕೆ ತಿರುಚುವುದು. ಪಕ್ಕದಿಂದ ಆದವರಲ್ಲಿ ಗ್ಲೂಟಿಯಸ್ ಮೀಡಿಯಸ್ಸನ್ನೇ ಬಿಡಿಸಿ ಹೊಲಿದಿರುವುದರಿಂದ ಪಕ್ಕಕ್ಕೆ ಎಳೆಯುವ ಬ್ಯಾಂಡ್ ತಡವಾಗಿ ಶುರುವಾಗಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಕಡೆಯಿಂದ ಎಂದು ಬರೆದಿರುತ್ತದೆ. ಅದನ್ನು ಓದದೆ ಪಕ್ಕದ ಮನೆಯವರ ವ್ಯಾಯಾಮ ಪಟ್ಟಿ ನಕಲು ಮಾಡಬೇಡಿ.

ಸ್ನಾಯು ನೋವು ಮಾರನೇ ದಿನಕ್ಕೆ ಕರಗಿದರೆ ಸರಿ. ತೊಡೆಸಂದಿನ ನೋವು ಮಾರನೇ ದಿನವೂ ಉಳಿದರೆ ಒಂದು ಬಣ್ಣ ಹಿಂದಕ್ಕೆ. ಮೀನಖಂಡ ಊದಿ ನೋಯುವುದು, ದಿಢೀರನೆ ಕಾಲು ಗಿಡ್ಡವಾದಂತೆ ಕಂಡು ಊರಲಾಗದಿರುವುದು, ಗಾಯದಲ್ಲಿ ಸೋರಿಕೆ, ಜ್ವರ: ಇವಕ್ಕೆ ನಾಳೆ ನೋಡೋಣ ಅನ್ನುವಂತಿಲ್ಲ, ನೇರ ಆಸ್ಪತ್ರೆಗೆ.

ಹದಿನಾಲ್ಕು ತಿಂಗಳ ನಂತರವೂ ಬಳಕೆಯಲ್ಲಿರುವುದು ಹಸಿರು ಬ್ಯಾಂಡ್ ಮತ್ತು ಲೂಪ್. ಒಂದು ಕೆಜಿ ಕಫ್ ಈಗ ತಾರಸಿ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಬಿದ್ದಿದೆ, ಆ ಕೆಲಸಕ್ಕೆ ಐದಕ್ಕೆ ಐದು.